ದುರ್ಗಶಿಲ್ಪಿ ವೋಬಾನನ ಅವಸಾನ: ಒಂದು ಐತಿಹ್ಯದ ಪರೀಕ್ಷೆ

ಮಹಾಪುರುಷರ ಚರಿತ್ರೆಗಳಲ್ಲಿ ಅವರ ಅವಸಾನವನ್ನು ಕುರಿತ ಕಥೆಯು ಅನೇಕ ವೇಳೆ ಅವರ ಜೀವಿತವೃತ್ತಾಂತಕ್ಕಿಂತಲೂ ಬಲವಾಗಿ ಜನರ ನೆನಪಿನಲ್ಲಿ ನಿಲ್ಲುವುದುಂಟು. ಫ್ರಾನ್ಸ್ ದೇಶದ ಹದಿನಾಲ್ಕನೆಯ ಲೂಯಿ ರಾಜನಲ್ಲಿ ಐವತ್ತು ವರ್ಷಗಳಿಗೆ ಮಿಕ್ಕಿ ಸೇವೆಮಾಡಿ, ಸೇನಾನಿಯೆಂದೂ ದುರ್ಗಶಿಲ್ಪಿಯೆಂದೂ ಯೂರೋಪಿನಲ್ಲೆಲ್ಲ ಪ್ರಖ್ಯಾತನಾದ ವೋಬಾನನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಈತನು ಮುಪ್ಪಿನಲ್ಲಿ ಪ್ರಜೆಗಳ ದುಃಸ್ಥಿತಿಯನ್ನು ನೋಡಿ ಮರುಗಿ, ತೆರಿಗೆಯ ಸುಧಾರಣೆಯನ್ನು ಕುರಿತು ಒಂದು ಗ್ರಂಥವನ್ನು ಬರೆದನೆಂದೂ, ಅದರಿಂದ ರಾಜನು ಕುಪಿತನಾಗಿ ಆತನನ್ನು ದೂರಮಾಡಿದನೆಂದೂ, ಸ್ವಾಮಿಯ ಪ್ರಸಾದವನ್ನು ಕಳೆದುಕೊಂಡ ವೃದ್ಧನು ಆ ಕೊರಗಿನಿಂದಲೇ ದೇಹವನ್ನು ಬಿಟ್ಟನೆಂದೂ ಬಹುಕಾಲದಿಂದ ಹೇಳಿಕೊಂಡು ಬಂದಿರುತ್ತಾರೆ. ಈ ಕಥೆಯು ಮನಸ್ಸನ್ನು ಕರಗಿಸತಕ್ಕದ್ದೇ ಸರಿ. ಆದರೆ ಕರುಣರಸವು ಪ್ರಮಾಣವಾಗಲಾರದು. ಆದುದರಿಂದ ವೋಬಾನನ ಜೀವಿತವನ್ನು ಸಂಗ್ರಹವಾಗಿ ನಿರೂಪಿಸಿ, ಬಳಿಕ ಈ ಐತಿಹ್ಯದಲ್ಲಿ ಗ್ರಾಹ್ಯವೆಷ್ಟು, ತ್ಯಾಜ್ಯವೆಷ್ಟು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈತನ ಪೂರ್ಣನಾಮವು ಸೆಬಾಸ್ಟಿಯನ್ ಲ ಪ್ರೆತ್ರ್ ಎಂಬುದು. ವೋಬಾನ್ ಎಂಬುದು ವಂಶದ ಜಹಗೀರಿಯ ಹೆಸರು. ಬರ್ಗಂಡಿ ಪ್ರಾಂತದ ಮೋರ್ವಾನ್ ಎಂಬ ಕಾಡುನಾಡಿನ ಒಂದು ಸಣ್ಣ ಗ್ರಾಮದಲ್ಲಿ 1633ನೆಯ ಇಸವಿ ಮೇ ತಿಂಗಳಿನಲ್ಲಿ ಈತನು ಜನಿಸಿದನು. ಕುಲವು ಶ್ರೀಮಂತವರ್ಗದ್ದೆಂದು ಹೆಸರಾದರೂ ಸಿರಿಯು ಬಹಳ ಅಲ್ಪವಾಗಿದ್ದಿತು. ನೆರೆಯ ರೈತರ ಮನೆಗೂ ಇವರ ಮನೆಗೂ ಗೌರವದಲ್ಲಿ ಅಂತರವಿದ್ದಷ್ಟು ಊಟದಲ್ಲಿ ಅಂತರವಿರಲಿಲ್ಲವೆಂದರೆ ಹೆಚ್ಚು ತಪ್ಪಾಗಲಾರದು. ಸೆಮೂರ್ ಎಂಬ ಪಟ್ಟಣದಲ್ಲಿ ಮಠಾಧೀನವಾದ ಪಾಠಶಾಲೆಯಲ್ಲಿ ಈತನು ಸ್ವಲ್ಪ ಗಣಿತವನ್ನೂ ಕ್ಷೇತ್ರಗಣಿತವನ್ನೂ ಅಭ್ಯಾಸಮಾಡಿದನು. ಈ ಬಾಲ್ಯದ ಎರಡು ಸಂಸ್ಕಾರಗಳನ್ನು, ಎಂದರೆ ಬಡವರ ನೆರೆಯನ್ನೂ ಲೆಕ್ಕದ ಅಭ್ಯಾಸವನ್ನೂ, ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಆತನ ಮುಂದಿನ ಜೀವಿತವೆಲ್ಲವೂ ಇವೆರಡರ ವಿಸ್ತಾರವೇ ಆಗಿದೆ.

ಲೂಯಿ ರಾಜನು ಬಾಲಕನಾಗಿದ್ದಾಗ ಫ್ರಾನ್ಸಿನ ದೊಡ್ಡ ಸರದಾರರು ಪ್ರಧಾನಿ ಮಜರೇನನ ಮೇಲೆ ದಂಗೆಯೆದ್ದಿದ್ದರು. 1651ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ವೋಬಾನನು ದಂಗೆಯ ನಾಯಕರಲ್ಲೊಬ್ಬನಾದ ಕೋಂದೇ ರಾಜಕುಮಾರನ ಸೈನ್ಯವನ್ನು ಸೇರಿದನು. ಹೀಗೆ ಮುಂದೆ ರಾಜನ ಗಡಿಗಳನ್ನೆಲ್ಲ ಕಾಯತಕ್ಕವನು ರಾಜನ ಶತ್ರುಪಕ್ಷದಲ್ಲಿಯೇ ಮೊದಲು ಆಯುಧವನ್ನು ಹಿಡಿದನು. 1653ರಲ್ಲಿ ರಾಜನ ಕಡೆಯವರಿಗೆ ಸೆರೆಸಿಕ್ಕಲು, ಮಜರೇನನು ಈ ಯುವಕನ ಬುದ್ಧಿಯನ್ನು ಗುರುತಿಸಿ, ಶಿಕ್ಷೆಗೆ ಬದಲಾಗಿ ರಾಜಸೇವೆಯನ್ನು ಕೊಟ್ಟನು. ಅಲ್ಲಿಂದ ಮುಂದೆ ಆತನ ನಿಷ್ಠೆಯು ಎಂದೂ ಕದಲಲಿಲ್ಲ. 1655ರಲ್ಲಿ ಆತನಿಗೆ ರಾಜನ ಎಂಜಿನಿಯರ್ ಎಂಬ ಪದವಿಯು ದೊರೆಯಿತು.

ಈ ಪದವಿಯ ಕೆಲಸವೇನೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಯುದ್ಧಕ್ರಮವನ್ನು ಸ್ವಲ್ಪ ಅರಿತಿರಬೇಕು. ಫಿರಂಗಿಗಳು ಬಲವಾದ ಮೇಲೆ ಎತ್ತರವಾದ ಕಲ್ಲುಗೋಡೆಗಳು ನಿರರ್ಥಕವಾದುವು. ಆದುದರಿಂದ ಇಟಲಿಯ ಶಿಲ್ಪಿಗಳು ಗೋಡೆಗಳನ್ನು ತಗ್ಗಿಸಿ, ಹಿಂದೆ ಮಣ್ಣನ್ನು ತುಂಬಿ ದಪ್ಪಮಾಡಿ, ಮೂಲೆಮೂಲೆಗಳಲ್ಲಿ ಬಾಣದ ಮೊನೆಯಂತೆ ಮುಂಚಾಚಿದ ಕೊತ್ತಲಗಳನ್ನು ಕಟ್ಟಿದರು. ಒಂದು ಕೊತ್ತಲದ ಬುಡವನ್ನು ಇನ್ನೊಂದರ ಫಿರಂಗಿಯು ಕಾಯುತ್ತಿದ್ದುದರಿಂದ ಶತ್ರುವು ಗೋಡೆಯ ಯಾವ ಭಾಗಕ್ಕೆ ಬಂದರೂ ಹೊಡೆತಕ್ಕೆ ಸಿಕ್ಕುವನು. ಇಂತಹ ಕೋಟೆಯನ್ನು ಹಿಡಿಯಬೇಕಾದರೆ ಮುತ್ತುವವರು ಓರೆಕೋರೆಯಾದ ಕಂದಕಗಳನ್ನು ತೋಡಿಕೊಂಡು ಅವುಗಳ ಮರೆಯಲ್ಲಿ ಮುಂದೆ ಸಾಗಬೇಕು. ಇಕ್ಕಟ್ಟಾದ ಆ ಕಂದಕದ ತುದಿಯಲ್ಲಿ ನಾಲ್ಕಾರು ಮಂದಿಗಿಂತ ಹೆಚ್ಚು ಜನರು ನಿಲ್ಲಲಾರರು. ಕೋಟೆಯೊಳಗಿನವರು ಇರುಳಿನಲ್ಲಿ ಹೊರಬಿದ್ದು ಆ ಅಗೆಯುವವರನ್ನು ಕೊಂದು ಹೋಗುವರು. ಕಡೆಗೆ ತಾಳ್ಮೆಗೆಟ್ಟ ಸೇನಾಪತಿಯು ಬಯಲಿನಲ್ಲಿಯೇ ಲಗ್ಗೆಹತ್ತಿಸುವನು; ಹೆಣಗಳು ಅಗಳನ್ನು ತುಂಬುವುವು. ಇದನ್ನು ಶೌರ್ಯವೆಂದು ಹೊಗಳುವುದು ವಾಡಿಕೆಯಾಗಿತ್ತು.

ವೋಬಾನನು ಇದನ್ನು ಶೌರ್ಯವೆಂದೆಣಿಸದೆ ಲೆಕ್ಕದ ತಪ್ಪೆಂದೆಣಿಸಿದನು. 1673ರಲ್ಲಿ ಮಾಸ್ಟ್ರಿಕ್ಟ್ ನಗರದ ಮುತ್ತಿಗೆಯನ್ನು ರಾಜನ ಸಮಕ್ಷದಲ್ಲಿ ನಡೆಸುವ ಭಾರವು ಆತನ ಮೇಲೆ ಬೀಳಲು, ತನ್ನ ಹೊಸ ಕ್ರಮವನ್ನು ಪ್ರಯೋಗಿಸಿದನು. ಮೊದಲು ಕೋಟೆಯ ಮುಖಕ್ಕೆ ಸಮಾನಾಂತರವಾಗಿ, ದೂರದಲ್ಲಿ, ಅಗಲವಾದ ಒಂದು ಕಂದಕವನ್ನು ತೋಡಿಸಿ ಅದರಲ್ಲಿ ಕಾವಲಿನ ಸೈನ್ಯವನ್ನು ನಿಲ್ಲಿಸಿದನು. ಅಲ್ಲಿಂದ ಓರೆಕಂದಕಗಳು ಮುಂದೆ ಸಾಗಿದ ಬಳಿಕ ಎರಡನೆಯ ಸಮಾನಾಂತರ ಕಂದಕ. ಕೋಟೆಯ ಹೊರಗಣ ಇಳಿಜಾರಿನ ಬುಡದಲ್ಲಿ ಮೂರನೆಯದು. ಒಳಗಿನವರು ಹೊರಬಿದ್ದರೆ ಎದುರಿಸಲು ಇಡೀ ಪಡೆಯೇ ಬೆನ್ನ ಹಿಂದೆ ಸಿದ್ಧವಾಗಿರುತ್ತಿತ್ತು. ಹೀಗೆ ಅವಸರಪಡದೆ ಹೆಜ್ಜೆಹೆಜ್ಜೆಯಾಗಿ ಸಾಗಿದ ಮುತ್ತಿಗೆಯು ಹದಿಮೂರು ದಿನಗಳಲ್ಲಿ ಮುಗಿಯಿತು. ಅಲೆಗ್ಸಾಂಡರ್ ದ್ಯೂಮಾನ ಕಾದಂಬರಿಗಳಿಂದ ಲೋಕಪ್ರಸಿದ್ಧನಾದ ದಾರ್ತಾನ್ಯಾನ್ ಎಂಬ ನಿಜವಾದ ಯೋಧನು ಇದೇ ಮುತ್ತಿಗೆಯಲ್ಲಿ, ಜೂನ್ 25ರಂದು, ಹೊರಕೋಟೆಯೊಂದರ ಮೇಲಣ ಕಾದಾಟದಲ್ಲಿ ಮಡಿದನು. ಒಂದೇ ರಣಭೂಮಿಯಲ್ಲಿ ಎರಡು ಬಗೆಯ ಯುದ್ಧಧರ್ಮಗಳನ್ನು ಇಲ್ಲಿ ಕಾಣಬಹುದು. ಕಥೆಗಾರರು ಮೊದಲನೆಯದನ್ನು ಆರಿಸಿಕೊಂಡರು. ಸಾಮಾನ್ಯ ಸಿಪಾಯಿಯ ತಾಯಿಯಾಗಿದ್ದರೆ ಎರಡನೆಯದನ್ನು ಆರಿಸಿಕೊಳ್ಳುತ್ತಿದ್ದಳು.

ಮುಂದೆ 1688ರಲ್ಲಿ ಫಿಲಿಪ್ಸ್‌ಬರ್ಗ್ ಮುತ್ತಿಗೆಯಲ್ಲಿ ಇನ್ನೊಂದು ಉಪಾಯವನ್ನು ಕಂಡುಹಿಡಿದನು. ಫಿರಂಗಿಗೆ ಮದ್ದನ್ನು ಕಡಮೆ ತುಂಬಿ ಹಾರಿಸಿದರೆ, ಹುಡುಗರು ಕೆರೆಯ ಮೇಲೆ ಎಸೆದ ಓಡಿನ ಚೂರು ಕುಪ್ಪಳಿಸುವಂತೆ, ಗುಂಡು ಗೋಡೆಯನ್ನು ದಾಟಿ ಬಿದ್ದು, ಅಲಂಗದುದ್ದಕ್ಕೂ ಪುಟಿಯುತ್ತ ಹೋಗಿ ಒಳಗಣ ಫಿರಂಗಿಗಳನ್ನು ಕೆಡವುವುದು. 1697ರಲ್ಲಿ ಆತ್ ಎಂಬ ಕೋಟೆಯನ್ನು ಈ ಕ್ರಮದಿಂದ ಎರಡು ವಾರಗಳಲ್ಲಿ, ಬಹಳ ಸ್ವಲ್ಪ ಪ್ರಾಣಹಾನಿಯಿಂದ ಹಿಡಿದರು. ಮದ್ದು ಹೆಚ್ಚು ಸುಟ್ಟರೂ ಚಿಂತೆಯಿಲ್ಲ, ರಕ್ತವು ಕಡಮೆ ಚೆಲ್ಲಬೇಕೆಂಬುದು ಆತನ ಮತವಾಗಿದ್ದಿತು. ಊರೊಳಗಣ ಮನೆಗಳ ಮೇಲೆ ಗುಂಡುಸುರಿಸುವುದನ್ನು ಆತನು ಮೆಚ್ಚುತ್ತಿರಲಿಲ್ಲ; ಅದರಿಂದ ಕೋಟೆಯು ಬೀಳುವುದಿಲ್ಲ, ದ್ವೇಷವು ಮಾತ್ರ ಬೆಳೆಯುತ್ತದೆಂದು ಹೇಳುತ್ತಿದ್ದನು. ಇಷ್ಟನ್ನು ಹೇಳುವಾಗ ಒಂದನ್ನು ಮರೆಯಲಾಗದು: ಈ ಮುತ್ತಿಗೆಗಳಲ್ಲಿ ಬಹುಭಾಗವು ನೆರೆಯವರ ನೆಲವನ್ನು ಕಬಳಿಸಬೇಕೆಂಬ ರಾಜನ ಆಸೆಯಿಂದ ಹುಟ್ಟಿದುವು. ವೋಬಾನನು ಆ ಆಸೆಗೆ ಉಪಕರಣವಾಗಿದ್ದನು. ಉಪಕರಣವಾಗಿದ್ದೂ ಮಿತವನ್ನು ಕಾಣಲು ಯತ್ನಿಸಿದನೆಂಬುದಷ್ಟೇ ನಮ್ಮ ವಿವಕ್ಷೆ.

ಕೋಟೆಗಳನ್ನು ಹಿಡಿಯುವುದರಲ್ಲಿದ್ದ ಜಾಣ್ಮೆಯೇ ಕಟ್ಟುವುದರಲ್ಲಿಯೂ ಆತನಿಗಿದ್ದಿತು. 1667ರಲ್ಲಿ ಗೆದ್ದ ಲೀಲ್ ನಗರದಲ್ಲಿ ಐದು ಕೊತ್ತಲಗಳ ದುರ್ಗವನ್ನು ನಿರ್ಮಿಸಿ ಅದರ ಅಧಿಪತ್ಯವನ್ನು ಪಡೆದನು. 1678ರಲ್ಲಿ ರಾಜ್ಯದ ಸಮಸ್ತ ದುರ್ಗಗಳ ಮೇಲ್ವಿಚಾರಕನಾದನು. ಹೊಸದಾಗಿ ಕಟ್ಟಿದುವೂ ಹಳೆಯವನ್ನು ತಿದ್ದಿದುವೂ ಸೇರಿ ನೂರೈವತ್ತರಷ್ಟು ಸ್ಥಳಗಳಲ್ಲಿ ಆತನ ಕೈಗೆಲಸವಿದೆ. ನಡೆಸಿದ ಮುತ್ತಿಗೆಗಳು ಐವತ್ತರಷ್ಟು. ಕೌಟಿಲ್ಯನು ಜಲ, ಪರ್ವತ, ಮರು, ವನಗಳೆಂದು ಭೂಮಿಗೆ ತಕ್ಕಂತೆ ದುರ್ಗಗಳನ್ನು ವಿಭಾಗಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಆ ಗ್ರಂಥವನ್ನರಿಯದ ವೋಬಾನನೂ ಹಾಗೆಯೇ ಒಂದು ನಕ್ಷೆಯನ್ನು ಎಲ್ಲೆಡೆಯೂ ಹೇರದೆ ನೆಲವನ್ನು ಕೇಳಿಯೇ ಕೋಟೆಯನ್ನು ಕಟ್ಟುತ್ತಿದ್ದನು. ಆತನ ಪದ್ಧತಿಯ ಛಾಯೆಯು ನಮ್ಮ ಭರತಖಂಡದವರೆಗೂ ಬಂದಿತು. 1706ರಲ್ಲಿ ಮುಗಿದ ಪುದುಚೇರಿಯ ಪಂಚಕೋಣಾಕೃತಿಯ ಫ್ರೆಂಚ್ ಕೋಟೆಯನ್ನು ತೂರ್ನೆ ನಗರದ ದುರ್ಗದ ಮಾದರಿಯಲ್ಲಿ ಕಟ್ಟಿದ್ದರು. 1761ರಲ್ಲಿ ಇಂಗ್ಲಿಷರು ಅದನ್ನು ಕೆಡವಿಹಾಕಿದರು.

ಇನ್ನು ಪ್ರಕೃತ ವಿಷಯಕ್ಕೆ ಬರುವೆವು. ಗಡಿಯಿಂದ ಗಡಿಗೆ ಸದಾ ಸಂಚರಿಸುತ್ತಿದ್ದ ವೋಬಾನನು ತನ್ನ ಡೋಲಿಯಲ್ಲಿ ಕುಳಿತು ದಾರಿಯಲ್ಲಿಯೇ ಬರೆಯುತ್ತಿದ್ದನು. ಕೋಟೆಗಳ ಮಾತು ಹಾಗಿರಲಿ. ಕಾಡುಗಳ ರಕ್ಷಣೆ, ಕಾಲುವೆಗಳು, ಜನಗಣನೆಯ ಕ್ರಮ, ಹಂದಿಸಾಕಣೆ ಇವೆಲ್ಲವೂ ಆತನ ಲೇಖನಗಳಿಗೆ ವಿಷಯಗಳಾದುವು. ಒಂದು ಹೆಣ್ಣುಹಂದಿಯ ಸಂತಾನವು ಹತ್ತು ತಲೆಮಾರುಗಳಲ್ಲಿ ಅರುವತ್ತು ಲಕ್ಷಕ್ಕೂ ಮಿಕ್ಕುವುದೆಂದು ಲೆಕ್ಕಹಾಕಿದ ಲೇಖನವನ್ನು ಓದಿ ಕೆಲವರು ನಕ್ಕಿರುವರು. ಆದರೆ ವರ್ಷಕ್ಕೆ ಮೂರು ಸಲವೂ ಮಾಂಸವನ್ನು ಕಾಣದ ರೈತನ ಮನೆಯನ್ನು ನೋಡಿದವನಿಗೆ ಅದು ನಗೆಯ ವಿಷಯವಲ್ಲ. 1696ರಲ್ಲಿ ತನ್ನ ಹುಟ್ಟುನಾಡಿಗೆ ಸೇರಿದ ವೆಜ್ಲೆ ಸೀಮೆಯ ವಿವರಣೆಯನ್ನು ಬರೆದಾಗ, ಜನರು ಬಾರ್ಲಿಯನ್ನೂ ಓಟ್ ಧಾನ್ಯವನ್ನೂ ಬೆರಸಿ ತೌಡನ್ನು ಕೂಡ ತೆಗೆಯದೆ ಮಾಡಿದ ರೊಟ್ಟಿಯನ್ನು ತಿನ್ನುವರೆಂದೂ, ಬಹುಮಂದಿ ಚಳಿಗಾಲ ಬೇಸಗೆಗಳೆರಡರಲ್ಲಿಯೂ ಅರೆಕೊಳೆತ ನಾರುಬಟ್ಟೆಯನ್ನೇ ಉಡುವರೆಂದೂ, ಇಂತಹ ದೇಹಗಳಲ್ಲಿ ದುಡಿಯುವ ಶಕ್ತಿಯು ಎಲ್ಲಿಂದ ಬಂದೀತೆಂದೂ ನಿಷ್ಠುರವಾಗಿ ಬರೆದಿಟ್ಟನು.

ಅಪ್ರಿಯವಾದ ಸತ್ಯವನ್ನು ಹೇಳುವುದು ಆತನಿಗೆ ಹೊಸದಾಗಿರಲಿಲ್ಲ. 1685ರಲ್ಲಿ ಲೂಯಿ ರಾಜನು ಪ್ರಾಟೆಸ್ಟಂಟ್ ಮತದವರಿಗಿದ್ದ ಹಕ್ಕುಗಳನ್ನು ರದ್ದುಮಾಡಲು ರಾಜಸಭೆಯೆಲ್ಲವೂ ಜಯಜಯಕಾರ ಮಾಡಿತಷ್ಟೆ. ಸ್ವತಃ ಕ್ಯಾಥೊಲಿಕ್ ಮತದವನಾದ ವೋಬಾನನು 1689ರಲ್ಲಿ, ಅವರನ್ನು ಹಿಂದಕ್ಕೆ ಕರೆಯಿಸಿಕೊಳ್ಳಬೇಕೆಂದು ಮಂತ್ರಿ ಲೂವ್ವಾನಿಗೆ ವಿಜ್ಞಾಪನೆಯನ್ನು ಬರೆದನು. ಎಂಬತ್ತು ಸಾವಿರದಿಂದ ಲಕ್ಷದವರೆಗೆ ಜನರು ಮೂರು ಕೋಟಿ ಲೀವ್ರ್ ನಾಣ್ಯದೊಡನೆ ದೇಶವನ್ನು ಬಿಟ್ಟರು, ಎಂಟು ಒಂಬತ್ತು ಸಾವಿರ ನಾವಿಕರು ಶತ್ರುವಿನ ಹಡಗುಗಳನ್ನೂ ಹತ್ತು ಹನ್ನೆರಡು ಸಾವಿರ ಸಿಪಾಯಿಗಳು ಶತ್ರುವಿನ ಪಡೆಗಳನ್ನೂ ಸೇರಿದರು ಎಂದು ನಷ್ಟದ ಪಟ್ಟಿಯನ್ನೇ ಮುಂದಿಟ್ಟನು. ರಾಜರು ಪ್ರಜೆಗಳ ಪ್ರಾಣಕ್ಕೂ ಧನಕ್ಕೂ ಒಡೆಯರಾಗಿರಬಹುದು, ಅವರ ನಂಬುಗೆಗೆ ಒಡೆಯರಲ್ಲ ಎಂಬುದು ಆತನ ವಾದದ ಸಾರ. ಈ ವಿಜ್ಞಾಪನೆಯು ಸಫಲವಾಗಲಿಲ್ಲ. ಬರೆದವನಿಗೆ ಶಿಕ್ಷೆಯೂ ಆಗಲಿಲ್ಲ. ಇದನ್ನು ಗಮನದಲ್ಲಿಡಬೇಕು.

ಆತನ ಕೊನೆಯ ಗ್ರಂಥವಾದ ದೀಮ್ ರುವಾಯಾಲ್, ಎಂದರೆ ರಾಜದಶಮಾಂಶ, ಇದೇ ಲೆಕ್ಕದ ಪರಾಕಾಷ್ಠೆಯಾಗಿದೆ. ಅಂದಿನ ಫ್ರಾನ್ಸಿನಲ್ಲಿ ಭೂಮಿಯ ಕಂದಾಯವು ಊರೂರಿಗೆ ಬೇರೆಯಾಗಿದ್ದಿತು. ಶ್ರೀಮಂತರೂ ಪಾದ್ರಿಗಳೂ ಅದರಿಂದ ಬಹುಮಟ್ಟಿಗೆ ಮುಕ್ತರು. ಗುತ್ತಿಗೆದಾರರು ವಸೂಲುಮಾಡಿದ ಹಣದಲ್ಲಿ ಬೊಕ್ಕಸಕ್ಕೆ ಸೇರದೆ ಉಳಿಯುತ್ತಿದ್ದುದೇ ಬಹಳ. ಉಪ್ಪಿನ ಮೇಲಣ ತೆರಿಗೆಯಂತೂ ಬಡವನ ಗಂಜಿಗೇ ಕೈಹಾಕುತ್ತಿತ್ತು. ವೋಬಾನನ ಗಣನೆಯಂತೆ ರಾಜ್ಯದ ಜನರಲ್ಲಿ ಹತ್ತರಲ್ಲೊಂದು ಪಾಲು ಭಿಕ್ಷುಕರು. ಉಳಿದ ಒಂಬತ್ತರಲ್ಲಿ ಐದು ಪಾಲು ಭಿಕ್ಷೆ ನೀಡಲಾರದಷ್ಟು ಬಡವರು. ಮೂರು ಪಾಲು ಸಾಲಗಳಿಂದಲೂ ವ್ಯಾಜ್ಯಗಳಿಂದಲೂ ಪೀಡಿತರು. ಕೊನೆಯ ಪಾಲಿನಲ್ಲಿರುವುದು ಒಂದು ಲಕ್ಷ ಸಂಸಾರ, ಅದರಲ್ಲಿಯೂ ನೆಮ್ಮದಿಯಾಗಿರತಕ್ಕವು ಹತ್ತು ಸಾವಿರಕ್ಕೆ ಮೀರವು. ಆದುದರಿಂದ ಹಳೆಯ ತೆರಿಗೆಗಳನ್ನು ಬಹುಪಾಲು ತೆಗೆದುಹಾಕಿ, ಉಪ್ಪಿನ ತೆರಿಗೆಯನ್ನು ಇಳಿಸಿ, ಭೂಮಿಯ ಬೆಳೆಯಲ್ಲಿಯೂ ಇತರ ವರಮಾನಗಳಲ್ಲಿಯೂ ಒಂದು ಪಾಲನ್ನು ಎಲ್ಲರಿಂದಲೂ, ಯಾರಿಗೂ ವಿನಾಯಿತಿಯಿಲ್ಲದೆ, ತೆಗೆದುಕೊಳ್ಳಬೇಕೆಂದು ಸೂಚಿಸಿದನು. ಆ ಪಾಲು ಸುಭಿಕ್ಷಕಾಲದಲ್ಲಿ ಇಪ್ಪತ್ತರಲ್ಲೊಂದು. ಆಪತ್ಕಾಲದಲ್ಲಿ ಏರಬಹುದು, ಆದರೆ ಹತ್ತರಲ್ಲೊಂದನ್ನು ಎಂದೂ ಮೀರಲಾಗದು. ನಮ್ಮ ಸ್ಮೃತಿಕಾರರ ಷಷ್ಠಾಂಶವನ್ನು ಬಲ್ಲವರಿಗೆ ಈ ಮಿತಿಯು ಅದಕ್ಕಿಂತಲೂ ಸೌಮ್ಯವೆಂದು ತೋರೀತು.

ಈಗ ಐತಿಹ್ಯವನ್ನು ಪರೀಕ್ಷಿಸೋಣ. ಇದರ ಮೂಲವು ಸೇನ್‌ಸಿಮೋನ್ ಎಂಬ ಡ್ಯೂಕನ ಸ್ಮೃತಿಲೇಖನಗಳು. ರಾಜನು ಗ್ರಂಥವನ್ನು ಕಂಡು ಮುನಿದನೆಂದೂ, ಆ ಕ್ಷಣದಿಂದ ವೋಬಾನನ ಸೇವೆಯೂ ಗುಣಗಳೂ ಇಲ್ಲವಾದುವೆಂದೂ, ಆತನು ಯಾರನ್ನೂ ನೋಡದೆ ಕೊರಗಿ ಸತ್ತನೆಂದೂ, ರಾಜನು ಆ ಸಾವನ್ನು ಗಮನಿಸದವನಂತಿದ್ದನೆಂದೂ ಅಲ್ಲಿ ಹೇಳಿದೆ. ಇದು ಪೂರ್ವಪಕ್ಷ.

ಇದಕ್ಕೆ ಪರಿಹಾರವನ್ನು ಹೇಳುವೆವು. ಮೊದಲನೆಯದಾಗಿ, ಸೇನ್‌ಸಿಮೋನನು ಈ ಸ್ಮೃತಿಲೇಖನಗಳಿಗೆ ರೂಪಕೊಟ್ಟದ್ದು ವೋಬಾನನು ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ. ರಾಜನ ಮೇಲೂ ಆತನ ಮಂತ್ರಿಗಳ ಮೇಲೂ ಆ ಡ್ಯೂಕನಿಗಿದ್ದ ಅಸಮಾಧಾನವು ಗ್ರಂಥದುದ್ದಕ್ಕೂ ವ್ಯಕ್ತವಾಗಿದೆ. ಎರಡನೆಯದಾಗಿ, ಕಾಲಕ್ರಮವು ಹೊಂದುವುದಿಲ್ಲ. ವೋಬಾನನು 1700ರಲ್ಲಿಯೇ ಹಸ್ತಪ್ರತಿಯನ್ನು ರಾಜನಿಗೆ ಒಪ್ಪಿಸಿದ್ದನು. ಆ ಬಳಿಕ 1703ರಲ್ಲಿ ಆತನಿಗೆ ಮಾರ್ಷಲ್ ಪದವಿಯೂ 1705ರಲ್ಲಿ ರಾಜ್ಯದ ಅತ್ಯುನ್ನತ ಬಿರುದೂ ದೊರೆತುವು. ಗ್ರಂಥದ ಅಭಿಪ್ರಾಯವೇ ಕೋಪಕ್ಕೆ ಕಾರಣವಾಗಿದ್ದರೆ ಆ ಗೌರವಗಳು ಬರುತ್ತಿರಲಿಲ್ಲ. ಮೂರನೆಯದಾಗಿ, ಅನುಮತಿಯಿಲ್ಲದೆ ಅಚ್ಚಾದ ಆ ಗ್ರಂಥವನ್ನು ರಾಜನ ಮಂತ್ರಾಲೋಚನಸಭೆಯು 1707ನೆಯ ಇಸವಿ ಫೆಬ್ರುವರಿ 14ರಂದು ನಿಷೇಧಿಸಿತು. ಮಾರ್ಚಿಯಲ್ಲಿ ಆಜ್ಞೆಯನ್ನು ಮತ್ತೆ ದೃಢಪಡಿಸಿತು. ಆದರೆ ಗ್ರಂಥವನ್ನು ವಶಪಡಿಸಿಕೊಳ್ಳಬೇಕೆಂದು ಹೇಳಿದ ಆಜ್ಞೆಯು ಕರ್ತೃವಿನ ಹೆಸರನ್ನು ಎತ್ತಲೇ ಇಲ್ಲ. ನಾಲ್ಕನೆಯದಾಗಿ, ರಾಜಸಭೆಯ ದಿನಚರಿಯನ್ನು ಅಂದಂದೇ ಬರೆದಿಡುತ್ತಿದ್ದ ದಾಂಜೋ ಎಂಬವನು, ವೋಬಾನನು ಸಾಯುವ ಸ್ಥಿತಿಯಲ್ಲಿದ್ದಾಗ ವೈದ್ಯನನ್ನು ಬೇಡಲು ರಾಜನು ಕೂಡಲೇ ಕಳುಹಿಸಿದನೆಂದೂ, ತನಗೂ ರಾಜ್ಯಕ್ಕೂ ಆಪ್ತನಾದವನನ್ನು ಕಳೆದುಕೊಳ್ಳುತ್ತಿರುವೆನೆಂದು ನುಡಿದನೆಂದೂ ಬರೆದಿರುವನು. ಅಂದಂದಿನ ಬರಹವು ಮೂವತ್ತು ವರ್ಷಗಳ ಅನಂತರದ ನೆನಪಿಗಿಂತ ಬಲವತ್ತರವಾದ ಪ್ರಮಾಣವೆಂಬುದರಲ್ಲಿ ವಿವಾದವಿರಲಾರದು.

ಹಾಗಾದರೆ ಕಥೆಯೆಲ್ಲವೂ ಸುಳ್ಳೇ ಎಂದು ಕೇಳಬಹುದು. ಹಾಗೆಯೂ ಹೇಳಲಾಗದು. ಆತನ ಮರಣಾನಂತರ ಸೇವಕನು ಅಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಯಿಂದ, ನಿಷೇಧದ ಸುದ್ದಿಯಿಂದ ಆತನು ಕಳವಳಗೊಂಡು ಹಂಚಿದ ಪ್ರತಿಗಳನ್ನು ಹಿಂದಕ್ಕೆ ತರಿಸಲು ಯತ್ನಿಸಿದನೆಂಬುದೂ ಆಗಲೇ ಜ್ವರ ಬಂದಿತೆಂಬುದೂ ತಿಳಿಯುತ್ತದೆ. ಎಪ್ಪತ್ತಮೂರು ವರ್ಷದ, ಬಹುಕಾಲದಿಂದ ಕೆಮ್ಮಿನಿಂದ ನರಳುತ್ತಿದ್ದ, ಅನೇಕ ಗಾಯಗಳನ್ನು ಹೊತ್ತ ದೇಹಕ್ಕೆ ಅದೇ ಸಾಕಾಯಿತು. ಶ್ವಾಸಕೋಶದ ಉರಿಯೂತದಿಂದ 1707ನೆಯ ಇಸವಿ ಮಾರ್ಚಿ 30ರಂದು ಪ್ಯಾರಿಸಿನಲ್ಲಿ ಅಸುವನ್ನು ನೀಗಿದನು. ಕಳವಳವು ನಿಜ, ರಾಜನು ದೂರಮಾಡಿದನೆಂಬುದು ಮಾತ್ರ ನಿಜವಲ್ಲ. ನಿಷೇಧವೂ ಮರಣವೂ ಒಂದಾದಮೇಲೊಂದು ಸಂಭವಿಸಿದ್ದನ್ನೇ ಕಾರ್ಯಕಾರಣಭಾವವೆಂದು ಎಣಿಸಿದ್ದು ಕಾಕತಾಳೀಯವನ್ನು ಮರೆತುದರ ಫಲ.

ಇಷ್ಟು ವಿಚಾರದಿಂದ ಬಂದ ಲಾಭವೇನೆಂದರೆ, ಕಥೆಯು ಮರೆಮಾಡಿದ್ದ ಇನ್ನೊಂದು ಸಂಗತಿಯು ಈಗ ಕಣ್ಣಿಗೆ ಬೀಳುತ್ತದೆ. ರಾಜನು ಕೋಪಿಸಿಕೊಂಡಿದ್ದರೆ ಗ್ರಂಥವು ಆತನ ಮನಸ್ಸನ್ನು ಮುಟ್ಟಿತೆಂದಾದರೂ ಹೇಳಬಹುದಾಗಿತ್ತು. ನಡೆದುದು ಅದಕ್ಕಿಂತ ಕಠಿನವಾದುದು. ಏಳು ವರ್ಷ ಹಸ್ತಪ್ರತಿಯು ಅರಮನೆಯಲ್ಲಿದ್ದಿತು. ಕರ್ತೃವಿಗೆ ಗೌರವಗಳು ಬಂದುವು, ಮಾತಿಗೆ ಬೆಲೆಯು ಬರಲಿಲ್ಲ. ರಾಜನು ಸೇವಕನನ್ನು ಪ್ರೀತಿಸಿ ಆತನ ಸತ್ಯವನ್ನು ಉಪೇಕ್ಷಿಸಿದನು. 1710ನೆಯ ಇಸವಿ ಅಕ್ಟೋಬರಿನಲ್ಲಿ ಯುದ್ಧದ ವೆಚ್ಚಕ್ಕಾಗಿ ಸರಕಾರವು ವರಮಾನದ ಹತ್ತರಲ್ಲೊಂದು ಪಾಲಿನ ತೆರಿಗೆಯನ್ನು ವಿಧಿಸಿತು. ಆದರೆ ಹಳೆಯ ತೆರಿಗೆಗಳಲ್ಲಿ ಒಂದನ್ನೂ ತೆಗೆಯದೆ ಅವುಗಳ ಮೇಲೆ ಅದನ್ನು ಹೇರಿತು. ಬಡವನ ಹೊರೆಯನ್ನಿಳಿಸಲು ಹೊರಟ ದಶಮಾಂಶವು ಹೊರೆಯ ಮೇಲಣ ಹೊರೆಯಾಗಿ ಪರಿಣಮಿಸಿತು.

ವೋಬಾನನ ಹೃದಯವನ್ನು ನೆಪೋಲಿಯನ್ ಚಕ್ರವರ್ತಿಯು 1808ರಲ್ಲಿ ಪ್ಯಾರಿಸಿನ ಯೋಧಮಂದಿರಕ್ಕೆ ತರಿಸಿ ಸಂಭ್ರಮದಿಂದ ಸ್ಥಾಪಿಸಿದನು. ಆತನ ಕೋಟೆಗಳಲ್ಲಿ ಹನ್ನೆರಡು ಸ್ಥಳಗಳು 2008ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಕಲ್ಲಿನ ಕೆಲಸವನ್ನು ಲೋಕವು ಹೀಗೆ ಕಾಪಾಡಿದೆ. ಆದರೆ ಕಂದಕದಲ್ಲಿದ್ದ ಸಿಪಾಯಿಯ ಪ್ರಾಣವನ್ನೂ ಗುಡಿಸಲಿನ ರೈತನ ರೊಟ್ಟಿಯನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡವನೆಂಬುದೇ ಆತನನ್ನು ನೆನೆಯಲು ಮುಖ್ಯವಾದ ಕಾರಣವೆಂದು ನಮ್ಮ ಅಭಿಪ್ರಾಯ. ಅಂತಹವನಿಗೆ ಅರಮನೆಯ ಕೊರಗಿನ ಕಥೆಯು ಭೂಷಣವಾಗಲಾರದು.